ಅಪ್ಪ ಅಂದರೆ ದುಡಿದು ಹಾಕುವವನು ಅಷ್ಟೇನಾ? ನಿಮಗೆ ಯಾವಾಗ ಬೇರೆ ಥರ ಅನಿಸಿತು?

ಹೊಸ ಅಪ್ಪ, ಬೆಂಗಳೂರು
ಹೆಂಡತಿ ಬಾಣಂತನಕ್ಕೆ ಶಿರಸಿಯ ತವರಿನಲ್ಲಿದ್ದಾಳೆ. ಮಗಳಿಗೆ ಎರಡು ತಿಂಗಳು. ಶುಕ್ರವಾರ ರಾತ್ರಿ ಬಸ್ ಹತ್ತುತ್ತೇನೆ, ಭಾನುವಾರ ರಾತ್ರಿ ವಾಪಸ್. ಅಲ್ಲಿ ನಾನು ನೆಂಟ. ಎಣ್ಣೆ ಹಚ್ಚಿ ನೀರು ಹಾಕುವುದು ಅತ್ತೆ, ತೊಟ್ಟಿಲು ತೂಗುವುದು ಹೆಂಡತಿಯ ಅಜ್ಜಿ. ನನಗೆ ಕಾಫಿ ಕೊಟ್ಟು ಕೂರಿಸುತ್ತಾರೆ. ಎತ್ತಿಕೊಂಡರೆ ಮಗು ಅಳುತ್ತದೆ, ತಕ್ಷಣ ಯಾರಾದರೂ ಬಂದು ಇಸ್ಕೊಳ್ಳುತ್ತಾರೆ. "ಸ್ಕೂಲಿಗೆ ಸೇರಿಸುವಾಗ ನಿನ್ನ ಕೆಲಸ ಶುರು, ಈಗ ಸುಮ್ನಿರು" ಅಂತ ನಮ್ಮಪ್ಪ. ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಯಾಕೋ ಸಮಾಧಾನ ಇಲ್ಲ.

ಇಬ್ಬರು ಮಕ್ಕಳ ಅಪ್ಪ, ತಿಪಟೂರು
ದೊಡ್ಡವನ ಬಾಣಂತನ ತವರಲ್ಲೇ ಆಯಿತು. ಮನೆಗೆ ಬರುವಷ್ಟರಲ್ಲಿ ಅವನು ಮಗುಚಿಕೊಳ್ಳುತ್ತಿದ್ದ. ಪ್ರೀತಿ ಇರಲಿಲ್ಲ ಅಂತಲ್ಲ, ಫೋಟೋ ನೋಡಿ ಖುಷಿಪಡುವ ಪ್ರೀತಿ ಅದು.

ಚಿಕ್ಕವಳ ಹೊತ್ತಿಗೆ ಅತ್ತೆಗೆ ಮಂಡಿ ಆಪರೇಷನ್. ಬಾಣಂತನ ನಮ್ಮ ಮನೆಯಲ್ಲೇ. ನಮ್ಮಮ್ಮ ಹಗಲು ನೋಡಿಕೊಂಡರು, ರಾತ್ರಿ ಪಾಳಿ ನನಗೆ ಬಿತ್ತು. ಹಾಲು ಕುಡಿದ ಮೇಲೆ ಭುಜಕ್ಕೆ ಹಾಕಿಕೊಂಡು ತೇಗು ಬರಿಸಬೇಕು. ಬಟ್ಟೆ ಬದಲಾಯಿಸಬೇಕು. ಆರನೇ ವಾರದ ಪೆಂಟಾವಲೆಂಟ್ (ಐದು ರೋಗಕ್ಕೆ ಒಂದೇ ಲಸಿಕೆ) ಚುಚ್ಚಿಸಿದ ದಿನ ಜ್ವರ ಬಂದು, ತೊಡೆ ಊದಿ, ಮಲಗಿಸಿದರೆ ಚೀರುತ್ತಿದ್ದಳು. ಬೆಳಗಿನ ಜಾವದವರೆಗೂ ಎದೆ ಮೇಲೆ ಹಾಕಿಕೊಂಡು ಹಾಲ್‌ನಲ್ಲಿ ಓಡಾಡಿದೆ. ಆಮೇಲಾಮೇಲೆ ಹಸಿವಿನ ಅಳು ಯಾವುದು, ನಿದ್ದೆಗೆ ಅಳೋದು ಯಾವುದು ಅಂತ ನನಗೇ ಮೊದಲು ಗೊತ್ತಾಗತೊಡಗಿತು. ಹೆಂಡತಿ ನನ್ನನ್ನು ಕೇಳೋಳು!

ಮಮತೆ ತಾನಾಗೇ ಉಕ್ಕುತ್ತೆ, ಆಮೇಲೆ ಕೆಲಸ ಮಾಡ್ತೀವಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ ವಿಷಯದಲ್ಲಿ ಉಲ್ಟಾ. ಕೆಲಸ ಮೊದಲು ಕೈಗೆ ಬಂತು, ಮಮತೆ ಆ ಕೆಲಸದ ಹಿಂದೆ ಬಂತು. ಅದಕ್ಕೇ ಹೇಳೋದು, ಅತ್ತೆಯ ಹತ್ತಿರ ಒಂದೇ ಒಂದು ಕೆಲಸ ಕೇಳಿ ಇಸ್ಕೊಳ್ಳಿ. ತೇಗು ಬರಿಸುವುದಾದರೂ ಸರಿ. ಅತ್ತರೂ ವಾಪಸ್ ಕೊಡಬೇಡಿ.

ಕೇಂದ್ರ ಸರ್ಕಾರಿ ನೌಕರ, ಹುಬ್ಬಳ್ಳಿ
ನಮಗೆ 15 ದಿನ ಪಿತೃತ್ವ ರಜೆ ಇದೆ, ಹೆರಿಗೆಯಾದ ಆರು ತಿಂಗಳೊಳಗೆ ತಗೋಬೇಕು. ನಾನು ಹೆರಿಗೆ ಸಮಯದಲ್ಲಿ ಹಾಕದೆ, ಹೆಂಡತಿ ತವರಿಂದ ಬಂದ ಮೇಲೆ ಹಾಕಿದೆ. ಅಜ್ಜಿಯಂದಿರು ಯಾರೂ ಇಲ್ಲದ ಆ ದಿನಗಳಲ್ಲೇ ಕಲಿತದ್ದು ಜಾಸ್ತಿ. ಖಾಸಗಿ ಕಂಪನಿಯವರಿಗೆ ಕಾನೂನಿನ ಆಸರೆ ಇಲ್ಲ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಅಮ್ಮಂದಿರಿಗೆ 26 ವಾರ ರಜೆ ಕೊಟ್ಟಿತು, ಅಪ್ಪನ ಸುದ್ದಿಯೇ ಎತ್ತಲಿಲ್ಲ. ನಿಮ್ಮ ಎಚ್‌ಆರ್ ಹತ್ತಿರ ಕೇಳಿ ನೋಡಿ.

ಲಾರಿ ಡ್ರೈವರ್ ಮಗ, ದಾವಣಗೆರೆ
ಎಲ್ಲಾ ಸರಿ, ದುಡಿದು ಹಾಕುವುದನ್ನು ಹಗುರ ಮಾಡಬೇಡಿ. ನಮ್ಮಪ್ಪ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ನನ್ನನ್ನು ಒಂದು ದಿನವೂ ತೂಗಿಲ್ಲ. ಅವರಿಗೆ ಇಷ್ಟ ಇರಲಿಲ್ಲವೋ, ಪುರುಸೊತ್ತು ಇರಲಿಲ್ಲವೋ? ಈಗ ಮೊಮ್ಮಗನನ್ನು ಕೆಳಗೇ ಇಳಿಸಲ್ಲ.

ಬಯಾಲಜಿ ಮೇಷ್ಟ್ರು, ಮೈಸೂರು
ತಿಪಟೂರಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಅಪ್ಪ ಆದವರ ಮೈಯಲ್ಲೂ ಬದಲಾವಣೆ ಕಾಣುತ್ತದೆ. ಫಿಲಿಪ್ಪೀನ್ಸ್‌ನ ಸೆಬುವಿನಲ್ಲಿ 600ಕ್ಕೂ ಹೆಚ್ಚು ಗಂಡಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2011ರಲ್ಲಿ ಬಂತು. ಅಪ್ಪ ಆದವರಲ್ಲಿ ಟೆಸ್ಟೋಸ್ಟೆರಾನ್ ಅನ್ನೋ ಗಂಡು ಹಾರ್ಮೋನು ಇಳಿದಿತ್ತು. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಮಗು ನೋಡಿಕೊಳ್ಳುವವರಲ್ಲಿ, ಏನೂ ನೋಡಿಕೊಳ್ಳದವರಿಗಿಂತ ಕಡಿಮೆ ಇತ್ತು. ಗಂಡಸ್ತನಕ್ಕೇನೋ ಆಯಿತು ಅಂತ ಗಾಬರಿ ಬೇಡ, ಆರೋಗ್ಯವಂತ ಅಪ್ಪಂದಿರೇ ಅವರು.

ಹೊಸ ಅಪ್ಪ, ಬೆಂಗಳೂರು
ಥ್ಯಾಂಕ್ಸ್. ಬರುವ ಗುರುವಾರ ಹತ್ತನೇ ವಾರದ ಇಂಜೆಕ್ಷನ್ ಇದೆ. ರಜೆ ಹಾಕಿದ್ದೇನೆ, ಆ ರಾತ್ರಿ ಮಗು ನನ್ನ ಹತ್ತಿರವೇ ಇರಲಿ ಅಂತ ಹೆಂಡತಿಗೆ ಮೆಸೇಜ್ ಮಾಡಿದೆ. "ಅಮ್ಮನ ಹತ್ರ ನೀವೇ ಹೇಳಿ" ಅಂದಳು.