ತಾಂಬೇರಾ ಬಂದ ಗೋಧಿ: ಬೀಜ ಕೆಟ್ಟಿತೇ, ರೋಗ ಬದಲಾಯಿತೇ?

ಪ್ರಶ್ನೆ (ಉಮದಿ, ಜತ್ತ ತಾಲೂಕಿನ ರೈತರು): ಸರ್, ನಮಸ್ಕಾರ. ನಾನು ಎರೆಭೂಮಿಯಲ್ಲಿ ಬಾವಿ ನೀರಿನ ಮೇಲೆ ಎರಡು ಎಕರೆ ಗೋಧಿ ಬೆಳೆಯುತ್ತೇನೆ. ಒಂದೇ ತಳಿಯ ಬೀಜವನ್ನು ಎಂಟು ವರ್ಷಗಳಿಂದ ಮನೆಯಲ್ಲಿಯೇ ಕಾಯ್ದಿಟ್ಟು ಬಿತ್ತುತ್ತಿದ್ದೇನೆ. ತಂದಾಗ ಇದಕ್ಕೆ ತಾಂಬೇರಾ, ಅಂದರೆ ತುಕ್ಕು ರೋಗ, ಬರುವುದಿಲ್ಲ ಎಂದು ಹೇಳಿದ್ದರು, ಆರು ವರ್ಷ ಬರಲೂ ಇಲ್ಲ. ಹೋದ ವರ್ಷ ಅಲ್ಲಲ್ಲಿ ಕಂಡಿತು. ಈ ವರ್ಷ ಜನವರಿ ಕೊನೆಯ ವಾರದ ಹೊತ್ತಿಗೆ, ಹೊಲದೊಳಗೆ ಹಾದು ಬಂದರೆ ಧೋತರದ ಅಂಚಿಗೆ ಕಂದು ಪುಡಿ ಹತ್ತುವಷ್ಟಾಗಿದೆ. ಮನೆಯ ಮಟ್ಟಿಗೆಂದು ಬದುವಿನ ಪಕ್ಕ ಹಾಕಿದ ನಾಲ್ಕು ಸಾಲು ಖಪಲಿ (ಜವೆ ಗೋಧಿ) ಮಾತ್ರ ಹಸಿರಾಗಿ ನಿಂತಿದೆ. ನಿಮ್ಮ ಬೀಜ ಹಳೆಯದಾಗಿ ಜಾತಿ ಕೆಟ್ಟಿದೆ ಎಂದು ಅಂಗಡಿಯವರು ಹೇಳುತ್ತಾರೆ. ಬೀಜ ನಿಜವಾಗಿಯೂ ಹಾಗೆ ಕೆಡುತ್ತದೆಯೇ?

ಉತ್ತರ (ಗೋಧಿ ತಳಿ ಅಭಿವೃದ್ಧಿಯಲ್ಲಿ ದುಡಿದು ನಿವೃತ್ತರಾದವರು): ನಮಸ್ಕಾರ. ಜೋಳ, ಸಜ್ಜೆಗಳ ಹೈಬ್ರಿಡ್ ಬೀಜದ ವಿಷಯದಲ್ಲಿ ನಿಮ್ಮ ಅಂಗಡಿಯವರ ಮಾತಿಗೆ ಅರ್ಥವಿದೆ, ಗೋಧಿಯ ವಿಷಯದಲ್ಲಿ ಇಲ್ಲ. ಗೋಧಿಯ ಹೂವು ಅರಳುವ ಮೊದಲೇ ತನ್ನ ಪರಾಗದಿಂದ ತಾನೇ ಕಾಳು ಕಟ್ಟುತ್ತದೆ. ಆದ್ದರಿಂದ ಬೇರೆ ಬೀಜದ ಕಲಬೆರಕೆಯಾಗದಂತೆ ನೋಡಿಕೊಂಡಿದ್ದರೆ, ಎಂಟು ವರ್ಷದ ಹಿಂದೆ ನೀವು ತಂದ ಬೀಜದಲ್ಲಿ ಇದ್ದ ರೋಗ ತಡೆಯುವ ವಂಶವಾಹಿಯೇ ಇಂದಿನ ಬೀಜದಲ್ಲಿಯೂ ಇದೆ. ಬದಲಾದದ್ದು ತಾಂಬೇರಾ ತರುವ ಶಿಲೀಂಧ್ರ.

ಅದು ಹೇಗೆ ಬದಲಾಯಿತು ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಿಮ್ಮ ಧೋತರಕ್ಕೆ ಹತ್ತಿದ ಪುಡಿಯ ಒಂದೊಂದು ಕಣವೂ ಒಂದೊಂದು ಬೀಜಾಣು. ಇಬ್ಬನಿ ಬಿದ್ದ ಎಲೆಯ ಮೇಲೆ ಅದು ಮೊಳೆತು, ಎಲೆ ಉಸಿರಾಡುವ ಸಣ್ಣ ರಂಧ್ರದ ಮೂಲಕ ಒಳಹೊಕ್ಕು, ಜೀವಕೋಶದೊಳಗೆ ಬೆರಳಿನಂತಹ ಒಂದು ಹೀರುಕೊಳವೆಯನ್ನು ಚಾಚುತ್ತದೆ. ಅಲ್ಲಿಂದ ಸಸ್ಯದ ಕಾವಲನ್ನು ಮಂಕುಗೊಳಿಸುವ ಕೆಲವು ಪ್ರೋಟೀನುಗಳನ್ನು ಒಳಗೆ ಬಿಡುತ್ತದೆ. ನಿರೋಧಕ ತಳಿಯಲ್ಲಿ ಇರುವ ವಂಶವಾಹಿಯು, ಅಂತಹ ಪ್ರೋಟೀನುಗಳ ಪೈಕಿ ಒಂದನ್ನು ಗುರುತಿಸುವ ಮತ್ತೊಂದು ಪ್ರೋಟೀನನ್ನು ತಯಾರಿಸುತ್ತದೆ. ಗುರುತು ಹತ್ತಿದ ಕೂಡಲೇ ಆ ಜೀವಕೋಶವೂ ಅದರ ಸುತ್ತಲಿನ ಕೆಲವು ಕೋಶಗಳೂ ತಾವಾಗಿಯೇ ಸಾಯುತ್ತವೆ. ಜೀವಂತ ಕೋಶದಿಂದಲ್ಲದೆ ಬೇರೆಡೆಯಿಂದ ಆಹಾರ ಹೀರಲಾರದ ಈ ಶಿಲೀಂಧ್ರ ಅಲ್ಲಿಯೇ ಉಪವಾಸ ಬಿದ್ದು ಸಾಯುತ್ತದೆ. ನಿಮ್ಮ ಖಪಲಿಯ ಎಲೆಯೊಂದನ್ನು ಬಿಸಿಲಿಗೆ ಹಿಡಿದು ನೋಡಿ. ಸೂಜಿಮೊನೆಯಷ್ಟು ತೆಳುಹಳದಿಯ ಚುಕ್ಕೆಗಳು ಕಂಡು, ಬೆರಳಿನಿಂದ ಉಜ್ಜಿದರೂ ಪುಡಿ ಬರದಿದ್ದರೆ, ರೋಗ ಅಲ್ಲಿಗೂ ಬಂದಿತ್ತು, ಗಿಡ ಅದನ್ನು ಬಾಗಿಲಲ್ಲಿಯೇ ತಡೆಯಿತು ಎಂದು ತಿಳಿಯಬೇಕು.

ಗಡಿಯ ನಾಕಾದಲ್ಲಿ ಒಂದೇ ಒಂದು ಗಾಡಿಯ ನಂಬರನ್ನು ಬರೆದುಕೊಂಡು ಕಾಯುತ್ತಿದ್ದರೆ, ನಂಬರು ಬದಲಾಯಿಸಿದ ಗಾಡಿ ಸಲೀಸಾಗಿ ದಾಟುತ್ತದೆ. ಒಂದೇ ವಂಶವಾಹಿಯ ಮೇಲೆ ನಿಂತ ತಳಿಯ ಪಾಡೂ ಅದೇ ಆಗಿದೆ. ಕೋಟಿಗಟ್ಟಲೆ ಬೀಜಾಣುಗಳ ಪೈಕಿ ಒಂದರಲ್ಲಿ ಆ ಗುರುತಿನ ಪ್ರೋಟೀನು ಆಕಸ್ಮಿಕವಾಗಿ ಬದಲಾದರೂ ಸಾಕು, ಊರೆಲ್ಲ ಅದೇ ತಳಿಯನ್ನು ಬಿತ್ತಿದ್ದರೆ ಉಳಿದವು ಸಾಯುತ್ತವೆ, ಅದೊಂದೇ ಬೆಳೆಯುತ್ತದೆ, ಎಂಟು ಹತ್ತು ದಿನಕ್ಕೊಂದು ಪೀಳಿಗೆಯಂತೆ ಹಬ್ಬುತ್ತದೆ. ರೋಗ ತಡೆಯುವ ಗುಣ ಮೆಂಡೆಲನ ನಿಯಮದಂತೆ ಪೀಳಿಗೆಯಿಂದ ಪೀಳಿಗೆಗೆ ಇಳಿಯುತ್ತದೆ ಎಂಬುದನ್ನು ಕೇಂಬ್ರಿಜ್‌ನ ರೋಲೆಂಡ್ ಬಿಫೆನ್ 1905ರಲ್ಲಿಯೇ ಗೋಧಿಯ ಹಳದಿ ತುಕ್ಕಿನಲ್ಲಿ ತೋರಿಸಿದ್ದರು. ಗಿಡದ ಪ್ರತಿ ನಿರೋಧಕ ವಂಶವಾಹಿಗೂ ಎದುರಾಗಿ ರೋಗಾಣುವಿನಲ್ಲಿ ಒಂದು ವಂಶವಾಹಿ ಇರುತ್ತದೆ ಎಂಬುದನ್ನು 1940ರ ದಶಕದಲ್ಲಿ ಅಮೆರಿಕದ ಎಚ್.ಎಚ್. ಫ್ಲೋರ್ ಅಗಸೆಯ ತುಕ್ಕಿನ ಮೇಲೆ ಕೆಲಸ ಮಾಡಿ ಕಂಡುಕೊಂಡರು. ನಿಮ್ಮ ಹೊಲದಲ್ಲಿ ಆದದ್ದಕ್ಕೆ ಈ ಎರಡು ಮಾತುಗಳಲ್ಲಿಯೇ ಪೂರ್ತಿ ವಿವರಣೆ ಇದೆ.

ಪ್ರಶ್ನೆ (ಅದೇ ರೈತರು): ಹಾಗಾದರೆ ಕೊಯ್ಲಿನ ನಂತರ ಕೂಳೆಯನ್ನು ಸುಟ್ಟು ಹೊಲವನ್ನು ಶುದ್ಧ ಮಾಡಿದರೆ ಈ ಹೊಸ ರೋಗಾಣು ಹೋಗುತ್ತದೆಯೇ?

ಉತ್ತರ: ಹೋಗುವುದಿಲ್ಲ, ಏಕೆಂದರೆ ಅದು ನಿಮ್ಮ ಹೊಲದಲ್ಲಿ ಉಳಿಯುವುದೇ ಇಲ್ಲ. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಹಸಿರು ಗೋಧಿಯಿಲ್ಲದೆ ಈ ಬೀಜಾಣು ಬದುಕದು. ಕಂದು ತುಕ್ಕು ಮತ್ತು ಕಪ್ಪು ತುಕ್ಕು ವರ್ಷವಿಡೀ ಜೀವ ಹಿಡಿದಿರುವುದು ನೀಲಗಿರಿ ಮತ್ತು ಪಳನಿ ಬೆಟ್ಟಗಳಲ್ಲಿ. ಅಲ್ಲಿಂದ ಗಾಳಿಯಲ್ಲಿ ತೇಲಿ, ಮಳೆಯೊಂದಿಗೆ ಇಳಿದು, ದಕ್ಷಿಣ ಮತ್ತು ಮಧ್ಯ ಭಾರತದ ಬಯಲಿಗೆ ಬರುತ್ತವೆ. ಯುರೋಪಿನಲ್ಲಿ ಬಾರ್ಬೆರಿ ಎಂಬ ಪೊದೆಯ ಮೇಲೆ ಕಪ್ಪು ತುಕ್ಕಿನ ಒಂದು ಹಂತ ಕಳೆಯುತ್ತದೆ. ನಮ್ಮಲ್ಲಿ ಆ ಪೊದೆಗೆ ಅಂತಹ ಪಾತ್ರವಿಲ್ಲ, ಬೆಟ್ಟಗಳೇ ರೋಗದ ಬೇಸಿಗೆಯ ಮನೆ ಎಂಬುದನ್ನು ಆಗ್ರಾದ ಕೆ.ಸಿ. ಮೆಹ್ತಾ ಅವರು ವರ್ಷಗಟ್ಟಲೆ ದುಡಿದು ತೋರಿಸಿಕೊಟ್ಟರು. ಆದ್ದರಿಂದ ಕೂಳೆಯನ್ನು ಸುಡಬೇಡಿ, ಅದರಿಂದ ಮಣ್ಣಿಗೆ ನಷ್ಟವಲ್ಲದೆ ಬೇರೇನೂ ಆಗದು.

ಪ್ರಶ್ನೆ (ಅಕ್ಕಲಕೋಟೆ, ಕೃಷಿ ಪದವಿ ವಿದ್ಯಾರ್ಥಿನಿ): ಸರ್, ಖಪಲಿಗೆ ರೋಗ ಬಾರದಿದ್ದರೆ, ಅದರ ಆ ಗುಣವನ್ನು ಸಾಮಾನ್ಯ ಗೋಧಿಗೆ ತರಲು ಸಾಧ್ಯವಿಲ್ಲವೇ?

ಉತ್ತರ: ತಂಗಿ, ಬಹಳ ಒಳ್ಳೆಯ ಪ್ರಶ್ನೆ ಕೇಳಿದ್ದೀಯ. ನಮ್ಮ ತಾಯಂದಿರು ಹುಗ್ಗಿಗೆ, ಶಾವಿಗೆಗೆ, ಮಾದಲಿಗೆ ಎಂದು ತೆಗೆದಿಡುತ್ತಿದ್ದ ಈ ಜವೆ ಗೋಧಿ ಜಗತ್ತಿನ ಗೋಧಿ ವಿಜ್ಞಾನದಲ್ಲಿ ಎಷ್ಟು ದೊಡ್ಡ ಸ್ಥಾನ ಪಡೆದಿದೆ ಎಂಬುದು ಅದನ್ನು ಬೆಳೆಯುವವರಿಗೇ ಗೊತ್ತಿಲ್ಲ ಎಂಬುದು ನನ್ನ ಬಹುದಿನದ ಕೊರಗು. ಕಪ್ಪು ತುಕ್ಕಿನ ಪಂಗಡಗಳನ್ನು ಬೇರೆ ಬೇರೆಯಾಗಿ ಗುರುತಿಸಲು 1922ರಲ್ಲಿ ಅಮೆರಿಕದ ಸ್ಟೇಕ್‌ಮನ್ ಮತ್ತು ಲೆವಿನ್ ಅವರು ಹನ್ನೆರಡು ಗೋಧಿಗಳ ಒಂದು ಗುಂಪನ್ನು ಗೊತ್ತುಮಾಡಿದರು. ಯಾವ ಗೋಧಿಗೆ ರೋಗ ಹತ್ತಿತು, ಯಾವುದಕ್ಕೆ ಹತ್ತಲಿಲ್ಲ ಎಂಬುದನ್ನು ನೋಡಿ ಪಂಗಡವನ್ನು ನಿರ್ಧರಿಸುವ ಆ ಗುಂಪಿನಲ್ಲಿ ಒಂದರ ಹೆಸರು ಖಪಲಿ. ಮುಂದೆ ಖಪಲಿಯಲ್ಲಿ ಕಪ್ಪು ತುಕ್ಕನ್ನು ತಡೆಯುವ ಎಸ್‌ಆರ್ 13, ಎಸ್‌ಆರ್ 14 ಎಂಬ ವಂಶವಾಹಿಗಳು ದೊರೆತವು. ಇವುಗಳಲ್ಲಿ ಎಸ್‌ಆರ್ 13ರ ಪೂರ್ಣ ರಚನೆ 2017ರಲ್ಲಿ ತಿಳಿದುಬಂದಿತು. ಹವೆ ಬೆಚ್ಚಗಿದ್ದಾಗ ಅದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ, ಇದು ನಮ್ಮ ಬಯಲುಸೀಮೆಗೆ ಒಪ್ಪುವ ಗುಣ. ಆದರೆ ಅದನ್ನೂ ಮೀರಿದ ಪಂಗಡಗಳು ಇಥಿಯೋಪಿಯಾದಲ್ಲಿ ಕಾಣಿಸಿಕೊಂಡಿವೆ. ಖಪಲಿಗೂ ಅಮರತ್ವವಿಲ್ಲ ಎಂಬುದನ್ನು ಮರೆಯಬಾರದು.

ಇನ್ನು ಸಂಕರದ ಮಾತು. ಖಪಲಿಯಲ್ಲಿ 28 ವರ್ಣತಂತುಗಳಿವೆ, ಚಪಾತಿಯ ಗೋಧಿಯಲ್ಲಿ 42. ಎರಡನ್ನೂ ಕೂಡಿಸಿದರೆ ಹುಟ್ಟುವ ಗಿಡದಲ್ಲಿ 35 ಇರುತ್ತವೆ. 14 ಜೋಡಿಗಳು ಸರಿಹೊಂದಿ, ಉಳಿದ ಏಳು ಒಂಟಿಯಾಗಿ ಅಲೆಯುತ್ತವೆ. ಹೀಗಾಗಿ ತೆನೆಯಲ್ಲಿ ಕಾಳು ಕಡಿಮೆ, ಕಟ್ಟಿದ ಕಾಳೂ ಸುಕ್ಕುಗಟ್ಟಿರುತ್ತವೆ. ಆ ಸುಕ್ಕು ಕಾಳುಗಳನ್ನು ಎಸೆಯದೆ, ಬಿತ್ತಿ, ಮತ್ತೆ ಮತ್ತೆ ಚಪಾತಿ ಗೋಧಿಗೆ ಕೂಡಿಸುತ್ತ, ಪ್ರತಿ ಪೀಳಿಗೆಯಲ್ಲಿಯೂ ರೋಗ ತಗುಲಿಸಿ ಬದುಕಿದವನ್ನು ಮಾತ್ರ ಉಳಿಸಿಕೊಳ್ಳುವುದೇ ನಮ್ಮ ಕಸುಬು. ಅಮೆರಿಕದ ದಕ್ಷಿಣ ಡಕೋಟಾದಲ್ಲಿ ಎಡ್ಗರ್ ಮ್ಯಾಕ್‌ಫ್ಯಾಡನ್ ಅವರು ಖಪಲಿಯ ರಷ್ಯದ ಬಂಧುವಾದ ಯಾರೋಸ್ಲಾವ್ ಎಂಬ ಗೋಧಿಯಿಂದ ಹೀಗೆಯೇ ಹೋಪ್ ಎಂಬ ತಳಿಯನ್ನು ಪಡೆದರು. ಅದರೊಂದಿಗೆ ಬಂದ ಎಸ್‌ಆರ್ 2 ಇಂದು ನಮ್ಮ ದೇಶದ ಅನೇಕ ತಳಿಗಳಲ್ಲಿ ಇದೆ.

ರೈ ಧಾನ್ಯದಿಂದ ಗೋಧಿಗೆ ಬಂದ ಒಂದು ವರ್ಣತಂತುವಿನ ತುಂಡಿನ ಕಥೆಯನ್ನೂ ನೀನು ಓದಬೇಕು. ಅದರಲ್ಲಿ ಕಪ್ಪು ತುಕ್ಕಿಗೆ ಎಸ್‌ಆರ್ 31, ಕಂದು ತುಕ್ಕಿಗೆ ಎಲ್‌ಆರ್ 26, ಹಳದಿ ತುಕ್ಕಿಗೆ ವೈಆರ್ 9 ಎಂಬ ಮೂರು ವಂಶವಾಹಿಗಳು ಒಟ್ಟಿಗೆ ಬಂದವು. ಕೊನೆಯ ಎರಡನ್ನು ರೋಗ ನಮ್ಮ ದೇಶದಲ್ಲಿಯೇ ಮೀರಿತು. ಬಹುಕಾಲ ಅಲುಗದೆ ನಿಂತ ಎಸ್‌ಆರ್ 31 ಕೂಡ 1998ರಲ್ಲಿ ಉಗಾಂಡದಲ್ಲಿ ಸೋತಿತು. ಯುಜಿ 99 ಎಂದು ಹೆಸರಾದ ಆ ಪಂಗಡ ಯೆಮನ್, ಇರಾನ್‌ಗಳವರೆಗೆ ಬಂದಿತು. ಒಂದೇ ತುಂಡಿನಲ್ಲಿ ಒಟ್ಟಿಗೆ ಬಂದ ಮೂರಕ್ಕೂ ಮೂರು ಬೇರೆ ಬೇರೆ ಆಯುಷ್ಯ.

ಪ್ರಶ್ನೆ (ಸಂಖ, ಜತ್ತ ತಾಲೂಕಿನ ರೈತ ಮಹಿಳೆ): ಅಣ್ಣಾವರೇ, ಎಲ್ಲ ತಳಿಯೂ ಒಂದಿಲ್ಲೊಂದು ದಿನ ಸೋಲುವುದಾದರೆ ನಾವು ಯಾವ ಬೀಜವನ್ನು ನಂಬಬೇಕು?

ಉತ್ತರ: ಅಕ್ಕಾವರೇ, ಎಲ್ಲವೂ ಒಂದೇ ರೀತಿ ಸೋಲುವುದಿಲ್ಲ. ರೋಗವನ್ನು ಪೂರ್ತಿ ತಡೆಯದೆ, ಅದರ ಕಾಲು ಹಿಡಿದು ನಿಧಾನಗೊಳಿಸುವ ವಂಶವಾಹಿಗಳೂ ಇವೆ. ಎಲ್‌ಆರ್ 34 ಅವುಗಳಲ್ಲಿ ಮುಖ್ಯವಾದುದು. ಸಸಿಯಲ್ಲಿ ಇದರ ಪ್ರಭಾವ ಕಾಣಿಸದು. ಗಿಡ ಬಲಿತ ಮೇಲೆ ರೋಗದ ಗುಳ್ಳೆಗಳು ಕಡಿಮೆಯಾಗುತ್ತವೆ, ಸಣ್ಣದಾಗುತ್ತವೆ, ತಡವಾಗಿ ಪುಡಿ ಬಿಡುತ್ತವೆ. ಕಂದು, ಹಳದಿ, ಕಪ್ಪು ಈ ಮೂರೂ ತುಕ್ಕುಗಳ ಮೇಲೆ, ಬೂದಿರೋಗದ ಮೇಲೆಯೂ ಇದು ಸ್ವಲ್ಪ ಸ್ವಲ್ಪ ಕೆಲಸ ಮಾಡುತ್ತದೆ. ಇದು ಗುರುತು ಹಿಡಿಯುವ ಕಾವಲು ಪ್ರೋಟೀನಲ್ಲ, ಕೋಶದಲ್ಲಿ ವಸ್ತುಗಳನ್ನು ಸಾಗಿಸುವ ಪ್ರೋಟೀನು ಎಂದು 2009ರಲ್ಲಿ ತಿಳಿಯಿತು. ಒಂದು ಗುರುತನ್ನು ಬದಲಾಯಿಸಿಕೊಂಡು ಇದನ್ನು ದಾಟಲು ಶಿಲೀಂಧ್ರಕ್ಕೆ ದಾರಿ ಸಿಕ್ಕಿಲ್ಲ. ಇದೊಂದೇ ಇದ್ದರೆ ರೋಗ ಜೋರಾದ ವರ್ಷ ಸಾಲದು. ಇಂತಹ ಮೂರು ನಾಲ್ಕು ಒಂದೇ ತಳಿಯಲ್ಲಿ ಸೇರಿದರೆ ಹೊಲ ಬಹುಮಟ್ಟಿಗೆ ಶುದ್ಧವಾಗಿ ನಿಲ್ಲುತ್ತದೆ.

ಇವುಗಳ ಗುರುತನ್ನು ಕಣ್ಣಿನಿಂದಲೂ ಹಿಡಿಯಬಹುದು. ಎಲ್‌ಆರ್ 34 ಇರುವ ಗಿಡದ ಮೇಲೆಲೆಯ ತುದಿ ಒಂದೆರಡು ಬೆರಳಿನಷ್ಟು ಒಣಗುತ್ತದೆ. ಎಸ್‌ಆರ್ 2 ಇರುವ ಗಿಡದ ತೆನೆಯ ಹೊಟ್ಟು ಮತ್ತು ಗೆಣ್ಣು ಕಪ್ಪಾಗುತ್ತವೆ. ಇವೆರಡನ್ನೂ ರೋಗವೆಂದು ಭಾವಿಸಿ ಒಳ್ಳೆಯ ತಳಿಯನ್ನು ಬಿಟ್ಟವರನ್ನು ನಾನು ಕಂಡಿದ್ದೇನೆ.

ಬೀಜ ಕೊಳ್ಳುವಾಗ ಲೋಕವನ್‌ನಂತಹ ಹಳೆಯ, ತುಕ್ಕಿಗೆ ತುತ್ತಾಗುವ ತಳಿಯನ್ನು ನೀರಾವರಿ ಹೊಲದ ತುಂಬ ಹಾಕಬೇಡಿ. ಖಪಲಿ ಬೇಕಾದರೆ ಧಾರವಾಡದ ಡಿಡಿಕೆ 1029, ಪುಣೆಯ ಆಘಾರಕರ ಸಂಸ್ಥೆಯ ಎಮ್‌ಎಸಿಎಸ್ 2971 ಇವೆ. ಊರಿನವರು ಮಾತನಾಡಿಕೊಂಡು ಎರಡು ಮೂರು ಬೇರೆ ಬೇರೆ ತಳಿಗಳನ್ನು ಹಂಚಿಕೊಂಡು ಬಿತ್ತಿರಿ. ಬಿತ್ತನೆಯನ್ನು ನವೆಂಬರ್ ಮೊದಲ ಹದಿನೈದು ದಿನ ದಾಟಿಸಬೇಡಿ, ಯೂರಿಯಾವನ್ನು ಹದ ಮೀರಿ ಹಾಕಬೇಡಿ. ರೋಗ ಹತ್ತಿದ ಮೇಲೆ ಪ್ರೊಪಿಕೊನಜೋಲ್ ಎಂಬ ಶಿಲೀಂಧ್ರನಾಶಕವನ್ನು ಲೀಟರ್ ನೀರಿಗೆ ಒಂದು ಮಿ.ಲೀ. ಪ್ರಮಾಣದಲ್ಲಿ, ಮೇಲೆಲೆ ಹಸಿರಾಗಿರುವಾಗಲೇ ಸಿಂಪಡಿಸಬೇಕು.

ಪ್ರಶ್ನೆ (ಉಮದಿಯ ರೈತರು): ಸರ್, ನೀವು ಹೇಳಿದಂತೆ ಖಪಲಿಯ ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಹಳದಿ ಚುಕ್ಕೆಗಳಿವೆ, ಪುಡಿ ಇಲ್ಲ. ನನ್ನ ಗೋಧಿಗೆ ಬಂದದ್ದು ಯಾವ ಪಂಗಡ ಎಂದು ತಿಳಿಯಬಹುದೇ?

ಉತ್ತರ: ತಿಳಿಯಬಹುದು. ಮಹಾಬಳೇಶ್ವರದಲ್ಲಿ ಗೋಧಿ ತುಕ್ಕಿನ ಸಂಶೋಧನಾ ಕೇಂದ್ರವಿದೆ, ಶಿಮ್ಲಾದ ಫ್ಲವರ್‌ಡೇಲ್‌ನಲ್ಲಿ ಇಡೀ ದೇಶದ ಮಾದರಿಗಳನ್ನು ಪರೀಕ್ಷಿಸುತ್ತಾರೆ. ನಿಮ್ಮ ಎಲೆಯ ಪುಡಿಯನ್ನು ಗೊತ್ತಾದ ವಂಶವಾಹಿಗಳಿರುವ ಸಸಿಗಳ ಸಾಲಿಗೆ ತಗುಲಿಸಿ, ಸುಮಾರು ಎರಡು ವಾರದ ನಂತರ ಯಾವುದರಲ್ಲಿ ಗುಳ್ಳೆ ಎದ್ದಿತು, ಯಾವುದರಲ್ಲಿ ಬರೀ ಚುಕ್ಕೆ ಉಳಿಯಿತು ಎಂದು ಓದುತ್ತಾರೆ. ಹೊಸದಾಗಿ ಪುಡಿ ಬಿಡುತ್ತಿರುವ ಏಳೆಂಟು ಎಲೆಗಳನ್ನು ಕತ್ತರಿಸಿ, ನೆರಳಿನಲ್ಲಿ ಒಂದು ರಾತ್ರಿ ಆರಲು ಬಿಡಿ. ಪ್ಲಾಸ್ಟಿಕ್ ಚೀಲ ಬೇಡ, ಅದರಲ್ಲಿ ಬೆವರಿ ಬೂಷ್ಟು ಹಿಡಿಯುತ್ತದೆ. ಕಾಗದದ ಲಕೋಟೆಯಲ್ಲಿ ಮಡಿಸಿಟ್ಟು, ಮೇಲೆ ತಳಿಯ ಹೆಸರು, ಊರು, ಕಿತ್ತ ದಿನಾಂಕ ಬರೆಯಿರಿ. ಪಕ್ಕದಲ್ಲಿ ಖಪಲಿ ಇತ್ತು, ಅದಕ್ಕೆ ಪುಡಿ ಬರಲಿಲ್ಲ ಎಂಬುದನ್ನೂ ಮರೆಯದೆ ಬರೆಯಿರಿ. ಸಿಂಪರಣೆಯನ್ನು ಎಲೆ ಕಿತ್ತ ಮೇಲೆಯೇ ಮಾಡಿರಿ.