ಮುಳ್ಳಯ್ಯನಗಿರಿ ಕುದುರೆಮುಖಕ್ಕಿಂತ ಎತ್ತರ, ಮಳೆ ಮಾತ್ರ ಯಾಕೆ ಕಡಿಮೆ?

ಬಯಲುಸೀಮೆಯವ:
ನಮ್ಮೂರು ಸಖರಾಯಪಟ್ಟಣದ ಹತ್ತಿರ. ಇಲ್ಲಿಂದ ಪಶ್ಚಿಮಕ್ಕೆ ನೋಡಿದರೆ ಮುಳ್ಳಯ್ಯನಗಿರಿ ಇರುವ ಚಂದ್ರದ್ರೋಣ ಬೆಟ್ಟಸಾಲು ಉದ್ದಕ್ಕೆ ನೇರವಾಗಿ ಕಾಣುತ್ತದೆ. ಮ್ಯಾಪ್‌ನಲ್ಲಿ ನೋಡಿದರೆ ಬಾಗಿಕೊಂಡಿದೆ. ಅದು ಹೇಗೆ? ಇನ್ನೊಂದು ಪ್ರಶ್ನೆ: ಮುಳ್ಳಯ್ಯನಗಿರಿ 1930 ಮೀಟರ್, ಕುದುರೆಮುಖ 1894 ಮೀಟರ್. ಎತ್ತರ ಜಾಸ್ತಿ ಇದ್ದ ಕಡೆ ಮಳೆ ಜಾಸ್ತಿ ಆಗಬೇಕು ಅಲ್ವಾ? ಇಲ್ಲಿ ಉಲ್ಟಾ ಇದೆ. ನಮ್ಮೂರಿಗಂತೂ ಬೆಟ್ಟ ಕಣ್ಣೆದುರೇ ಇದ್ದರೂ ಮಳೆ ಬರುವುದಿಲ್ಲ. ಹಿಮಾಲಯಕ್ಕೂ ನೀಲಗಿರಿಗೂ ನಡುವೆ ಮುಳ್ಳಯ್ಯನಗಿರಿಯೇ ಎತ್ತರ ಅನ್ನುವುದು ನಿಜವೇ? ಗೊತ್ತಿದ್ದವರು ಹೇಳಿ.

ಜಾಗರದ ತೋಟದವಳು:
ನಮ್ಮ ಕಾಫಿ ತೋಟ ನೀವು ನೋಡುವ ಬೆಟ್ಟದ ಆಚೆ ಮಗ್ಗುಲಲ್ಲಿದೆ, ಜಾಗರ ಕಣಿವೆಯಲ್ಲಿ. ಹಾಗಾಗಿ ಇದೇ ಬೆಟ್ಟವನ್ನು ದಿನಾ ಒಳಗಿನಿಂದ ನೋಡುತ್ತೇನೆ.

ಚಂದ್ರದ್ರೋಣ ಒಂದು ಲಾಳದ ಆಕಾರದಲ್ಲಿದೆ. ಲಾಳದ ಬಾಯಿ ವಾಯುವ್ಯಕ್ಕೆ, ಭದ್ರಾ ಕಡೆಗೆ ತೆರೆದಿದೆ. ನಿಮಗೆ ಕಾಣುವುದು ಅದರ ಪೂರ್ವದ ಬೆನ್ನು ಮಾತ್ರ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ (1895 ಮೀಟರ್), ದೇವೀರಮ್ಮನ ಬೆಟ್ಟ ಎಲ್ಲ ಆ ಕಡೆಯಲ್ಲೇ ಸಿಗುತ್ತವೆ. ಕೆಮ್ಮಣ್ಣುಗುಂಡಿ, ಕಲ್ಹತ್ತಿಗಿರಿ ಇರುವುದು ಉತ್ತರದ ತೋಳಿನಲ್ಲಿ. ನಡುವಿನ ತಗ್ಗೇ ನಮ್ಮ ಜಾಗರ. ಮುತ್ತೋಡಿ ಕಾಡು ಕೂಡ ಇದರೊಳಗೇ ಬರುತ್ತದೆ.

ಮಳೆಯ ವಿಷಯಕ್ಕೆ ಬರೋಣ. ಶಿಖರದ ಎತ್ತರ ಬಿಡಿ, ನೀರು ಎಲ್ಲಿಗೆ ಹೋಗುತ್ತದೆ ನೋಡಿ. ಕುದುರೆಮುಖ ಸಾಲಿನ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆ. ತುಂಗಾ, ಭದ್ರಾ ಪೂರ್ವಕ್ಕೆ ಹರಿದರೆ ನೇತ್ರಾವತಿ ಮಂಗಳೂರಿನ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ. ಅಂದರೆ ಘಟ್ಟದ ಅಸಲಿ ಅಂಚು ಅಲ್ಲಿದೆ. ಕಡಲಿನಿಂದ ಬರುವ ಮೋಡಕ್ಕೆ ಮೊದಲು ಅಡ್ಡ ಸಿಗುವುದು ಆ ಸಾಲು.

ಚಂದ್ರದ್ರೋಣದಿಂದ ಒಂದು ಹನಿಯೂ ಅರಬ್ಬಿ ಸಮುದ್ರಕ್ಕೆ ಹೋಗುವುದಿಲ್ಲ. ಒಳಗಿನ ಸೋಮವಾಹಿನಿ ಭದ್ರೆಗೆ ಸೇರುತ್ತದೆ. ಚಿಕ್ಕಮಗಳೂರು ಕಡೆಯ ಯಗಚಿ ಹೇಮಾವತಿ ಸೇರಿ ಕಾವೇರಿಗೆ ಹೋಗುತ್ತದೆ. ನಿಮ್ಮ ಕಡೆ ಇಳಿಯುವ ಗೌರಿಹಳ್ಳ ಅಯ್ಯನಕೆರೆ ತುಂಬಿಸುತ್ತದೆ, ಅವತಿ ಹಳ್ಳ ಮದಗದ ಕೆರೆ ತುಂಬಿಸುತ್ತದೆ. ಕಡೂರಿನ ಹತ್ತಿರ ಅವೆರಡೂ ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತವೆ. ಭದ್ರೆ, ವೇದಾವತಿ ಎರಡೂ ತುಂಗಭದ್ರೆಯ ಮೂಲಕ ಕೃಷ್ಣೆಗೆ ಸೇರುವುದರಿಂದ ಒಂದೇ ಬೆಟ್ಟಸಾಲು ಕೃಷ್ಣೆಗೂ ಕಾವೇರಿಗೂ ನೀರು ಕೊಡುತ್ತಿದೆ. ನನಗೆ ಇದು ಎತ್ತರಕ್ಕಿಂತ ದೊಡ್ಡ ವಿಷಯ.

ಹಾಗಾಗಿ ಚಂದ್ರದ್ರೋಣ ಪಶ್ಚಿಮಘಟ್ಟದ್ದೇ, ಆದರೆ ಅಂಚಿನಿಂದ ಒಳಕ್ಕೆ ನಿಂತಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಜಾಸ್ತಿ ಸುರಿಸಿದ ಮೋಡ ಇಲ್ಲಿಗೆ ಬರುವಾಗ ಅರ್ಧ ಹಗುರಾಗಿರುತ್ತದೆ. ಉಳಿದದ್ದನ್ನು ನಮ್ಮ ಕಣಿವೆ ಹಿಡಿಯುತ್ತದೆ. ಬೆನ್ನು ದಾಟಿದ ಮೇಲೆ ನಿಮಗೆ ಸಿಗುವುದು ಬರೀ ಗಾಳಿ. ಇಲ್ಲಿ ತೋಟದ ಮನೆಗಳಲ್ಲಿ ಬೆಳಿಗ್ಗೆ ಎದ್ದು ಮಳೆ ಅಳೆದು ಇಂಚಿನ ಲೆಕ್ಕದಲ್ಲಿ ಪುಸ್ತಕಕ್ಕೆ ಬರೆಯುವ ರೂಢಿ ಇದೆ. ಒಂದೇ ದಿನದ ಲೆಕ್ಕ ನಮ್ಮಲ್ಲಿ ಒಂದು, ಬೆನ್ನಿನ ಆಚೆ ಮಲ್ಲೇನಹಳ್ಳಿಯ ನೆಂಟರ ತೋಟದಲ್ಲಿ ಇನ್ನೊಂದು. ಕಾಗೆ ಹಾರುವ ದೂರಕ್ಕೆ ಎಷ್ಟು ವ್ಯತ್ಯಾಸ ಅಂತ ಪ್ರತಿ ಮಳೆಗಾಲವೂ ಫೋನಿನಲ್ಲಿ ಇದೇ ಮಾತು.

ಹಿಮಾಲಯಕ್ಕೂ ನೀಲಗಿರಿಗೂ ನಡುವೆ ಮುಳ್ಳಯ್ಯನಗಿರಿಯೇ ಎತ್ತರ ಅನ್ನುವ ಮಾತು ನಿಜ. ಅರಾವಳಿಯ ಗುರುಶಿಖರ 1722 ಮೀಟರ್, ಮಹಾರಾಷ್ಟ್ರದ ಕಳಸೂಬಾಯಿ 1646 ಮೀಟರ್. ನೀಲಗಿರಿಯ ದೊಡ್ಡಬೆಟ್ಟ 2637 ಮೀಟರ್.

ಕಲ್ಲುಮಣ್ಣು:
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಅಂಚಿನಿಂದ ಒಳಗಿದ್ದೂ ಇಷ್ಟು ಎತ್ತರ ಉಳಿದಿರುವುದು ಕಲ್ಲಿನಿಂದ. ಏಣಿನ, ಅಂದರೆ ಬೆಟ್ಟದ ನೆತ್ತಿಯ ಸಾಲಿನ, ಉದ್ದಕ್ಕೂ ಕಬ್ಬಿಣದ ಪಟ್ಟೆಗಲ್ಲು ಇದೆ. ಒಂದು ತುಂಡು ಕೈಗೆತ್ತಿಕೊಳ್ಳಿ. ಕಪ್ಪು, ಕೆಂಪು ಗೆರೆ ಒಂದರ ಮೇಲೊಂದು ಕಾಣುತ್ತದೆ, ಗಾತ್ರಕ್ಕಿಂತ ತೂಕ ಜಾಸ್ತಿ ಅನಿಸುತ್ತದೆ. 250 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲು. ಪದರಗಳೆಲ್ಲ ಬೋಗುಣಿಯಂತೆ ಬಾಗಿವೆ. ಮೆತ್ತಗಿನ ಕಲ್ಲು ಸವೆದು ಕಣಿವೆಯಾಯಿತು, ಗಟ್ಟಿ ಪದರ ಸುತ್ತ ಏಣಾಗಿ ಉಳಿಯಿತು. ಭದ್ರಾವತಿ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯ ಅದಿರು ಹೋಗುತ್ತಿದ್ದದ್ದೂ ಈ ಕಲ್ಲಿನಿಂದಲೇ. ಕುದುರೆಮುಖದಲ್ಲೂ ಕಬ್ಬಿಣದ ಕಲ್ಲೇ, ಗಣಿ 2005ರ ಕೊನೆಗೆ ನಿಂತಿತು.

ಬಯಲುಸೀಮೆಯವ:
ಅಯ್ಯನಕೆರೆ ನೀರಿಗೂ ಆ ಬೆಟ್ಟಕ್ಕೂ ಇಷ್ಟು ನೇರ ಸಂಬಂಧ ಇದೆ ಅಂತ ಶಾಲೆಯಲ್ಲಿ ಯಾರೂ ಹೇಳಲಿಲ್ಲ. ಎರಡೂ ಮಗ್ಗುಲು ಒಟ್ಟಿಗೆ ಎಲ್ಲಿಂದ ಕಾಣುತ್ತದೆ ಅಕ್ಕ?

ಜಾಗರದ ತೋಟದವಳು:
ಬಾಬಾಬುಡನ್‌ಗಿರಿಯ ದತ್ತಪೀಠದಿಂದ ಮಾಣಿಕ್ಯಧಾರಾ ಜಲಪಾತದ ಕಡೆ ಏಣಿನ ಮೇಲೆ ಹೋಗಿ. ಎಡಕ್ಕೆ ನಮ್ಮ ಕಣಿವೆ, ಬರೀ ಕಾಡು, ತೋಟ. ಬಲಕ್ಕೆ ನಿಮ್ಮ ಬಯಲು. ಜೂನ್‌ನಿಂದ ಆಗಸ್ಟ್‌ವರೆಗೆ ಮಂಜಿನಲ್ಲಿ ಏನೂ ಕಾಣುವುದಿಲ್ಲ, ಸುಮ್ನೆ ಬರಬೇಡಿ. ಮಳೆ ನಿಂತ ಮೇಲೆ, ನವೆಂಬರ್ ಹೊತ್ತಿಗೆ ಬನ್ನಿ. ಆದರೆ ದಯವಿಟ್ಟು ಶನಿವಾರ, ಭಾನುವಾರ ಬಿಡಿ. ಸಾಲುಗಟ್ಟಿದ ಗಾಡಿಗಳು, ಎಸೆದ ಪ್ಲಾಸ್ಟಿಕ್ ನೋಡಿ ಹೊಟ್ಟೆ ಉರಿಯುತ್ತದೆ. ಆ ಕಸವೆಲ್ಲ ಮಳೆಗೆ ತೊಳೆದುಕೊಂಡು ಇಳಿಯುವುದು ನಮ್ಮ ಹಳ್ಳಕ್ಕೆ, ಇಲ್ಲಾ ನಿಮ್ಮ ಕೆರೆಗೆ.