ಕುದುರೆಮುಖದ ಹಳೆಯ ಟೋಪೋಶೀಟ್ (ಬೆಟ್ಟ, ಹೊಳೆ, ದಾರಿ ತೋರಿಸುವ ಸರ್ಕಾರಿ ನಕ್ಷೆ) ಯಾರಾದ್ರೂ ನೋಡಿದ್ದೀರಾ?

ಅಪ್ಪ ಹುಡುಗನಾಗಿದ್ದಾಗ ಲಕ್ಯಾ ಹೊಳೆಯ ಬದಿಯಲ್ಲೇ ನಡೆದು ಹೋಗುತ್ತಿದ್ದರಂತೆ. ಈಗಿನ ನಕ್ಷೆಯಲ್ಲಿ ಆ ಕಣಿವೆಯೇ ಇಲ್ಲ. ಕಬ್ಬಿಣದ ಅದಿರಿನ ಗಣಿ ಬರುವ ಮುಂಚಿನ ನಕ್ಷೆ ಬೇಕು. ಏನಂತ ಕೇಳಬೇಕು, ಹೇಗೆ ಓದಬೇಕು?

ಉತ್ತರ 1:
ಶಿಖರ ಇರುವುದು ಸರ್ವೆ ಆಫ್ ಇಂಡಿಯಾದ 48 ಓ/8 ಹಾಳೆಯಲ್ಲಿ. ಅದೂ ಎಡ ಅಂಚಿನ ಹತ್ತಿರ. ಹಾಗಾಗಿ ಪಕ್ಕದ 48 ಓ/4 ಕೂಡ ಕೇಳಿ, ಇಲ್ಲದಿದ್ದರೆ ಅರ್ಧ ಬೆಟ್ಟ ಮಾತ್ರ ಸಿಗುತ್ತದೆ. ಇಲ್ಲೇ ನಾನು ಎಡವಿದ್ದು: ಹಳೆಯದಕ್ಕೂ ಹೊಸದಕ್ಕೂ ನಂಬರ್ ಒಂದೇ. ಸುಮ್ನೆ ನಂಬರ್ ಹೇಳಿದೆ, ಹೊಸದೇ ಕೈಗೆ ಬಂತು. "ಒಂದಿಂಚಿಗೆ ಒಂದು ಮೈಲಿಯದು, ಎತ್ತರ ಅಡಿ ಲೆಕ್ಕದಲ್ಲಿರುವುದು" ಅಂತ ಬಿಡಿಸಿ ಹೇಳಿ. ಹಳೆಯ ಕಾಲೇಜುಗಳ ಭೂಗೋಳ ವಿಭಾಗದ ಬೀರುಗಳಲ್ಲಿ ಒಮ್ಮೊಮ್ಮೆ ಇರುತ್ತವೆ. ಅಂಚಿನಲ್ಲಿ ಅಚ್ಚಾದ ವರ್ಷವಲ್ಲ, ಸರ್ವೆ ಮಾಡಿದ ವರ್ಷ ನೋಡಿ. ಎರಡರ ನಡುವೆ ಎಷ್ಟೋ ವರ್ಷ ಇರಬಹುದು.

ಉತ್ತರ 2:
ಎರಡನ್ನೂ ಹೋಲಿಸಲು ನಾನು ಮಾಡಿದ ಉಪಾಯ ಹೇಳುತ್ತೇನೆ. ಹಳೆಯದರ ಅಳತೆ 1:63,360 (ನಕ್ಷೆಯ ಒಂದಿಂಚು ಅಂದರೆ ನೆಲದ 63,360 ಇಂಚು, ಒಂದು ಮೈಲಿ), ಹೊಸದರದು 1:50,000. ಹಳೆಯದನ್ನು ಜೆರಾಕ್ಸ್‌ನಲ್ಲಿ 127% ದೊಡ್ಡದು ಮಾಡಿಸಿ, ಬಟರ್ ಪೇಪರ್ ಮೇಲೆ ಹೊಳೆ ಮತ್ತು ಕಾಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಎಳೆದುಕೊಂಡು ಹೊಸದರ ಮೇಲಿಡಿ. ಕಾಂಟೂರಿನ 'ವಿ' ಮೂತಿ ಎತ್ತರದ ಕಡೆಗಿದ್ದರೆ ಹಳ್ಳ, ತಗ್ಗಿನ ಕಡೆಗಿದ್ದರೆ ಗುಡ್ಡದ ಏಣು. ನೀಲಿ ಗೆರೆ ನೀರಿರುವ ಹೊಳೆ, ಕಪ್ಪು ಗೆರೆ ಬತ್ತುವ ಹಳ್ಳ. ಲಕ್ಯಾ ಹತ್ತಿರ ಬಂದಾಗ ಗೊತ್ತಾಗುತ್ತದೆ. ಹಳೆಯದರಲ್ಲಿ ಸಾಲು ಸಾಲು 'ವಿ'ಗಳು, ಹೊಸದರಲ್ಲಿ ಅದೇ ಜಾಗ ಚಪ್ಪಟೆ. ಅದಿರು ತೊಳೆದ ಹೂಳು ನಿಲ್ಲಿಸಲು ಕಟ್ಟಿದ ಅಣೆಕಟ್ಟು ಅಲ್ವಾ, ಕಣಿವೆ ಅದರಡಿ ಹೋಯಿತು. 2005ರ ಕೊನೆಗೆ ಗಣಿ ನಿಂತರೂ ಹೂಳು ಅಲ್ಲೇ ಇದೆ.

ಉತ್ತರ 3:
ಹಳೆಯ ಹಾಳೆ ಸ್ಕ್ಯಾನ್ ಮಾಡಿ ಮೊಬೈಲ್ ಜಿಪಿಎಸ್ ಜೊತೆ ಸೇರಿಸಿದರೆ ಜಾಗ ಸರಿದು ಕೂರುತ್ತದೆ. ನನಗೆ ಹೊಳೆಯ ಈ ದಡದಲ್ಲಿದ್ದರೂ ಆ ದಡ ತೋರಿಸಿತ್ತು! ಭೂಮಿಯ ಆಕಾರ ಹಿಡಿಯುವ ಲೆಕ್ಕ ಎರಡಕ್ಕೂ ಬೇರೆ: ಹಳೆಯದಕ್ಕೆ ಎವರೆಸ್ಟ್ ಲೆಕ್ಕ, ಜಿಪಿಎಸ್‌ಗೆ ಡಬ್ಲ್ಯುಜಿಎಸ್ 84. ಆ್ಯಪ್‌ನಲ್ಲಿ ಅದನ್ನು ಬದಲಿಸಿಕೊಳ್ಳಿ.

ಉತ್ತರ 2 (ಮತ್ತೆ):
ಒಂದು ಮರೆತೆ. 1956ಕ್ಕೆ ಮುಂಚಿನ ಹಾಳೆ ಸಿಕ್ಕರೆ ಘಟ್ಟದ ಮೇಲೆ ಮೈಸೂರು-ಮದ್ರಾಸ್ ಗಡಿ ಇರುತ್ತದೆ. ಅದನ್ನು ಕಾಲುದಾರಿ ಅಂದುಕೊಳ್ಳಬೇಡಿ. ನಿಜವಾದ ಕಾಲುದಾರಿ ಸಿಕ್ಕಿತೆಂದು ಹೊರಡಲೂ ಬೇಡಿ. 1987ರಿಂದ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು.